ಬಿಸಿಲು ತಿಂದ ಮುಖಕ್ಕೆ ಆಸಿಡ್ ಕ್ರೀಮ್: ಹಚ್ಚುವ ಕ್ರಮ, ಹಚ್ಚಬಾರದ ಜಾಗ

ತೋಳನ್ನು ಮೇಲೆತ್ತಿ ಕಂಕುಳ ಹತ್ತಿರದ ಒಳಭಾಗದ ಚರ್ಮ ನೋಡಿ. ಆಮೇಲೆ ಅದೇ ಕೈಯಲ್ಲಿ ಮೊಣಕೈ ಕೆಳಗಿನ ಹೊರಭಾಗ ನೋಡಿ. ಎರಡಕ್ಕೂ ವಯಸ್ಸು ಒಂದೇ. ಒಳಗಿನದು ನುಣುಪಾಗಿ, ಒಂದೇ ಬಣ್ಣದಲ್ಲಿರುತ್ತದೆ. ಹೊರಗಿನದು ಒರಟು, ಅಲ್ಲಲ್ಲಿ ಕಂದು ಚುಕ್ಕೆ, ಚಿವುಟಿ ಬಿಟ್ಟರೆ ಸಣ್ಣ ಗೆರೆಗಳ ಬಲೆ. ಈ ಎರಡರ ನಡುವಿನ ವ್ಯತ್ಯಾಸ ಬಿಸಿಲಿನ ಪಾಲು. ಆಸಿಡ್ ಕ್ರೀಮುಗಳು ಮುಖ್ಯವಾಗಿ ಕೆಲಸ ಮಾಡುವುದು ಆ ಪಾಲಿನ ಮೇಲೆ.

ಹಾಗಾಗಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಣ್ಣ ಗೆರೆ, ಒರಟುತನ, ಕಳೆಗುಂದಿದ ಬಣ್ಣ, ಬಿಸಿಲಿನ ಕಂದು ಕಲೆ, ಇವು ತಿಂಗಳುಗಟ್ಟಲೆ ಹಚ್ಚಿದರೆ ಕಡಿಮೆಯಾಗುತ್ತವೆ. ಮೂಗಿನ ಪಕ್ಕದಿಂದ ಬಾಯಿಯವರೆಗೆ ಇಳಿಯುವ ಆಳದ ಗೆರೆ, ಜೋತುಬಿದ್ದ ಗಲ್ಲ, ಕೆನ್ನೆಯ ಮೇಲೆ ಕಾಣುವ ಕೆಂಪು ನರಗಳು ಯಾವ ಟ್ಯೂಬಿಗೂ ಬಗ್ಗುವುದಿಲ್ಲ.

ಯಾವ ಆಸಿಡ್?

‘ಆಸಿಡ್’ ಎಂಬ ಒಂದೇ ಹೆಸರಿನಡಿ ಸಂಬಂಧವೇ ಇಲ್ಲದ ವಸ್ತುಗಳು ಸೇರಿಕೊಂಡಿವೆ. ಗೊಂದಲ ಶುರುವಾಗುವುದೇ ಇಲ್ಲಿ.

ಮೊದಲನೆಯದು ರೆಟಿನಾಯಿಕ್ ಆಸಿಡ್. ಔಷಧದ ಟ್ಯೂಬಿನ ಮೇಲೆ ಟ್ರೆಟಿನಾಯಿನ್ ಎಂದಿರುತ್ತದೆ. ಇದು ವಿಟಮಿನ್ ಎ ಇಂದ ಬರುವ ಆಮ್ಲ. ಹೆಸರಿನಲ್ಲಿ ಆಮ್ಲ ಇದ್ದರೂ ಇದು ಚರ್ಮವನ್ನು ಸುಟ್ಟು ಸಿಪ್ಪೆ ತೆಗೆಯುವುದಿಲ್ಲ. ಜೀವಕೋಶದ ಒಳಗೆ ಹೋಗಿ, ಕೋಶಕೇಂದ್ರದಲ್ಲಿರುವ ಗ್ರಾಹಕಗಳಿಗೆ ಅಂಟಿಕೊಂಡು, ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಎಂಬುದನ್ನೇ ಬದಲಿಸುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಚರ್ಮದಲ್ಲಿ ಕೊಲಾಜೆನ್ (ಚರ್ಮಕ್ಕೆ ಬಿಗಿ ಕೊಡುವ ನಾರಿನಂಥ ಪ್ರೋಟೀನ್) ಕತ್ತರಿಸುವ ಕಿಣ್ವಗಳು ಹೆಚ್ಚುತ್ತವೆ, ಹೊಸ ಕೊಲಾಜೆನ್ ತಯಾರಿ ಕುಗ್ಗುತ್ತದೆ. ರೆಟಿನಾಯಿಕ್ ಆಸಿಡ್ ಈ ಎರಡನ್ನೂ ತಿರುಗಿಸುತ್ತದೆ. ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಸಂಗಡಿಗರು 1986ರಲ್ಲಿ ಬಿಸಿಲಿಗೆ ಮುಪ್ಪಾದ ಚರ್ಮದ ಮೇಲೆ ಇದರ ಪರಿಣಾಮವನ್ನು ಪ್ರಕಟಿಸಿದರು. ಅದಕ್ಕೂ ಮೊದಲು ಇದು ಮೊಡವೆ ಔಷಧ. 1993ರ ಒಂದು ಅಧ್ಯಯನದಲ್ಲಿ 10–12 ತಿಂಗಳು ಟ್ರೆಟಿನಾಯಿನ್ ಹಚ್ಚಿದ ಚರ್ಮದಲ್ಲಿ ಕೊಲಾಜೆನ್ ತಯಾರಿ ಶೇ. 80ರಷ್ಟು ಏರಿತ್ತು. ಔಷಧವಿಲ್ಲದ ಬರೀ ಕ್ರೀಮ್ ಹಚ್ಚಿದವರಲ್ಲಿ ಅದು ಶೇ. 14ರಷ್ಟು ಇಳಿದಿತ್ತು.

ಎರಡನೆಯದು ಗ್ಲೈಕಾಲಿಕ್, ಲ್ಯಾಕ್ಟಿಕ್, ಮ್ಯಾಂಡೆಲಿಕ್ ಆಸಿಡ್‌ಗಳ ಗುಂಪು. ಇವು ಮೇಲ್ಪದರದ ಸತ್ತ ಕೋಶಗಳನ್ನು ಹಿಡಿದಿರುವ ಅಂಟನ್ನು ಸಡಿಲಿಸುತ್ತವೆ. ಮುಖ ಬೇಗ ನುಣುಪಾಗುತ್ತದೆ, ಬೆಳಕು ಚೆನ್ನಾಗಿ ಹೊಳೆಯುತ್ತದೆ. ಗ್ಲೈಕಾಲಿಕ್‌ನ ಅಣು ಎಲ್ಲಕ್ಕಿಂತ ಚಿಕ್ಕದು. ಅದಕ್ಕೇ ಬೇಗ ಒಳಗಿಳಿಯುತ್ತದೆ, ಹೆಚ್ಚು ಚುರುಗುಟ್ಟುತ್ತದೆ. ಲ್ಯಾಕ್ಟಿಕ್ ಸ್ವಲ್ಪ ಮೃದು, ತೇವವನ್ನೂ ಹಿಡಿಯುತ್ತದೆ. ಮ್ಯಾಂಡೆಲಿಕ್‌ನ ಅಣು ಗ್ಲೈಕಾಲಿಕ್‌ನ ಎರಡರಷ್ಟು ದೊಡ್ಡದು, ನಿಧಾನ.

ಉಳಿದವು ಇಲ್ಲಿ ಪಕ್ಕವಾದ್ಯ. ಸ್ಯಾಲಿಸಿಲಿಕ್ ಎಣ್ಣೆಯಲ್ಲಿ ಕರಗುವಂಥದ್ದು, ರಂಧ್ರ ಕಟ್ಟಿಕೊಂಡ ಚರ್ಮಕ್ಕೆ ಸರಿ. ಅಜೆಲಾಯಿಕ್ ಶೇ. 15–20ರ ಕ್ರೀಮ್ ಕಲೆಗೂ ಕೆಂಪಿಗೂ ಆಗುತ್ತದೆ, ಗರ್ಭಿಣಿಯರಿಗೂ ವೈದ್ಯರು ಬರೆಯುವುದುಂಟು.

ಒಂದೇ ಒಂದನ್ನು ಆರಿಸಬೇಕೆಂದರೆ ಟ್ರೆಟಿನಾಯಿನ್. ಸುಕ್ಕಿನ ವಿಷಯದಲ್ಲಿ ಅದರಷ್ಟು ಪುರಾವೆ ಬೇರೆ ಯಾವುದಕ್ಕೂ ಇಲ್ಲ. ಚರ್ಮ ತೀರಾ ಸೂಕ್ಷ್ಮವಾಗಿದ್ದರೆ ಶೇ. 5ರ ಲ್ಯಾಕ್ಟಿಕ್‌ನಿಂದ ಶುರುಮಾಡಬಹುದು. ರೆಟಿನಾಲ್ ಎಂದು ಬರುವ ಸೀರಮ್‌ಗಳು ಚರ್ಮದೊಳಗೆ ಎರಡು ಹಂತ ದಾಟಿ ರೆಟಿನಾಯಿಕ್ ಆಸಿಡ್ ಆಗಬೇಕು. ದಾರಿಯಲ್ಲಿ ಬಹುಪಾಲು ಸೋರಿಹೋಗುತ್ತದೆ. ಮೃದು ಹೌದು, ನಿಧಾನವೂ ಹೌದು.

ಟ್ಯೂಬಿನ ಮೇಲಿನ ಅಂಕಿ

ಟ್ರೆಟಿನಾಯಿನ್ ಶೇ. 0.025, 0.05, 0.1ರಲ್ಲಿ ಸಿಗುತ್ತದೆ. ಹೆಚ್ಚು ಅಂಕಿ ಎಂದರೆ ಹೆಚ್ಚು ಫಲ ಎಂದು ಯಾರಿಗಾದರೂ ಅನ್ನಿಸುತ್ತದೆ. 1995ರಲ್ಲಿ 0.025 ಮತ್ತು 0.1ನ್ನು ಅಕ್ಕಪಕ್ಕ ಇಟ್ಟು 48 ವಾರ ನೋಡಿದಾಗ ಸುಧಾರಣೆ ಹೆಚ್ಚುಕಡಿಮೆ ಒಂದೇ ಬಂತು. ಉರಿ, ಕೆಂಪು ಮಾತ್ರ 0.1ರಲ್ಲಿ ಜಾಸ್ತಿ. ಹಾಗಾಗಿ 0.025ರಿಂದ ಶುರುಮಾಡಿ, ಅದರಲ್ಲೇ ಮುಂದುವರಿದರೂ ನಷ್ಟವಿಲ್ಲ. ಜೆಲ್‌ಗಿಂತ ಕ್ರೀಮ್ ಕೇಳಿ. ಹಲವು ಜೆಲ್‌ಗಳಲ್ಲಿ ಆಲ್ಕೊಹಾಲ್ ಇರುತ್ತದೆ, ಮೊದಲೇ ಒಣಗಿದ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ.

ಗ್ಲೈಕಾಲಿಕ್, ಲ್ಯಾಕ್ಟಿಕ್‌ಗಳ ಲೆಕ್ಕ ಬೇರೆ. ಇಲ್ಲಿ ಶೇಕಡಾವಾರಿನಷ್ಟೇ ಪಿಎಚ್ (ಆಮ್ಲತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲತೆ ಹೆಚ್ಚು) ಕೂಡ ಮುಖ್ಯ, ಏಕೆಂದರೆ ಚರ್ಮದ ಮೇಲೆ ಕೆಲಸ ಮಾಡುವುದು ಬಿಡಿ ಆಮ್ಲ, ಅಂದರೆ ಲವಣವಾಗದೆ ಆಮ್ಲವಾಗಿಯೇ ಉಳಿದ ಪಾಲು. ಗ್ಲೈಕಾಲಿಕ್‌ನಲ್ಲಿ ಪಿಎಚ್ 3.8ರ ಸುಮಾರಿಗೆ ಅರ್ಧದಷ್ಟು ಆಮ್ಲ ಬಿಡಿಯಾಗಿರುತ್ತದೆ. ಅಂದರೆ ಶೇ. 10ರ ಕ್ರೀಮಿನಲ್ಲಿ ಸುಮಾರು ಶೇ. 5. ಅದೇ ಕ್ರೀಮಿನ ಪಿಎಚ್ 5 ಆಗಿದ್ದರೆ ಬಿಡಿ ಆಮ್ಲ ಶೇ. 0.6ರ ಆಸುಪಾಸಿಗೆ ಇಳಿದಿರುತ್ತದೆ. ಒಬ್ಬರಿಗೆ ‘10’ ಉರಿಯೆಬ್ಬಿಸಿ, ಇನ್ನೊಬ್ಬರಿಗೆ ಬೇರೆ ಕಂಪನಿಯ ‘10’ ಏನೂ ಮಾಡದಿರುವುದಕ್ಕೆ ಕಾರಣ ಇದು. ಮನೆಯ ಬಳಕೆಗೆ ಶೇ. 10 ದಾಟದ, ಪಿಎಚ್ 3.5ಕ್ಕಿಂತ ಕೆಳಗಿಳಿಯದ ಕ್ರೀಮ್ ಸಾಕು. ಶೇ. 30–70ರ ದ್ರಾವಣಗಳು ಪೀಲ್‌ಗೆ, ಅಂದರೆ ವೈದ್ಯರು ಚರ್ಮದ ಮೇಲ್ಪದರ ಸುಲಿಯುವ ಚಿಕಿತ್ಸೆಗೆ ಬಳಸುವಂಥವು. ಅವನ್ನು ನಿಮಿಷ ಎಣಿಸಿ ಹಚ್ಚಿ, ಕ್ಷಾರ ಹಾಕಿ ತಟಸ್ಥಗೊಳಿಸುತ್ತಾರೆ. ಆನ್‌ಲೈನಿನಲ್ಲಿ ಬಾಟಲಿ ಸಿಗುತ್ತದೆ ಎಂದ ಮಾತ್ರಕ್ಕೆ ಬಚ್ಚಲುಮನೆಯ ಕನ್ನಡಿ ಮುಂದೆ ಮಾಡುವ ಕೆಲಸ ಅದಲ್ಲ.

ಟ್ಯೂಬಿನ ಹಿಂದಿನ ಸಣ್ಣಕ್ಷರವನ್ನೂ ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಫ್ಲೂಸಿನೊಲೋನ್, ಕ್ಲೊಬೆಟಾಸಾಲ್ ಎಂಬ ಹೆಸರುಗಳಿದ್ದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿದೆ. ಭಂಗು (ಮುಖದ ಮೇಲೆ ಹರಡುವ ಕಂದು ತೇಪೆ) ಹೋಗಲೆಂದು ವೈದ್ಯರು ಕೆಲವೇ ವಾರಗಳಿಗೆ ಬರೆಯುವ ಇಂಥ ಮಿಶ್ರಣದಲ್ಲಿ ಟ್ರೆಟಿನಾಯಿನ್ ಕೂಡ ಇರುವುದರಿಂದ ಇದೇ ಟ್ರೆಟಿನಾಯಿನ್ ಕ್ರೀಮ್ ಎಂದುಕೊಂಡು ವರ್ಷಗಟ್ಟಲೆ ಹಚ್ಚುವವರಿದ್ದಾರೆ. ಮೊದಲ ತಿಂಗಳು ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ, ನರ ಕಾಣಿಸಿಕೊಂಡು, ಬಿಟ್ಟ ಕೂಡಲೇ ಕೆಂಪಗೆ ಉರಿಯುತ್ತದೆ.

ಹಚ್ಚುವ ಮೊದಲು

ಮುಖವನ್ನು ಒಮ್ಮೆ ಚರ್ಮರೋಗ ತಜ್ಞರಿಗೆ ತೋರಿಸಿ. ಬಿಸಿಲು ತಿಂದ ಚರ್ಮದಲ್ಲಿ ಸುಕ್ಕಿನ ಜೊತೆ ಬೇರೆಯದೂ ಬೆಳೆಯುತ್ತದೆ. ಕಣ್ಣಿಗೆ ಸರಿಯಾಗಿ ಕಾಣದಿದ್ದರೂ ಬೆರಳಿಗೆ ಮರಳುಕಾಗದದಂತೆ ತಾಗುವ ಒರಟು ತೇಪೆ, ವಾಸಿಯಾಗದೆ ಪದೇಪದೇ ಹೆಕ್ಕಳಗಟ್ಟುವ ಹುಣ್ಣು, ಅಂಚು ಸೊಟ್ಟಗಾಗಿ ಬಣ್ಣ ಬದಲಿಸುವ ಮಚ್ಚೆ, ಮುತ್ತಿನಂತೆ ಹೊಳೆಯುವ ಗಂಟು, ಇವುಗಳ ಮೇಲೆ ಕ್ರೀಮ್ ಹಚ್ಚಿ ಕಾಯುವುದು ಅಪಾಯ.

ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ಟ್ರೆಟಿನಾಯಿನ್, ರೆಟಿನಾಲ್ ಎರಡನ್ನೂ ಬಿಡಬೇಕು. ಹಾಲೂಡಿಸುವವರು ವೈದ್ಯರನ್ನು ಕೇಳಿ. ಇಸಬು ಇರುವವರು, ಮುಖ ಆಗಾಗ ಕೆಂಪೇರಿ ಬಿಸಿಯಾಗುವವರು, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರು ತಾವಾಗಿಯೇ ಶುರುಮಾಡಬಾರದು.

ಮೊದಲ ಎರಡು ವಾರ ಆಸಿಡ್ ಮುಟ್ಟಬೇಡಿ. ಈ ಅವಧಿ ಸನ್‌ಸ್ಕ್ರೀನಿಗೆ ಮೀಸಲು. ಎಸ್‌ಪಿಎಫ್ 30 ಅಥವಾ ಮೇಲ್ಪಟ್ಟು, ಯುವಿಎ ಕಿರಣವನ್ನೂ ತಡೆಯುವಂಥದ್ದು ಬೇಕು. ಪ್ರಮಾಣ ಎಂದರೆ ತೋರುಬೆರಳು ಮತ್ತು ನಡುಬೆರಳ ಉದ್ದಕ್ಕೂ ಹಿಂಡಿದ ಎರಡು ಗೆರೆ. ಮುಖ, ಕಿವಿ, ಕತ್ತು ಸೇರಿ ಅಷ್ಟು ಹೋಗಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಕಂದು ಮೈಬಣ್ಣದವರಿಗೆ, ಭಂಗು ಇರುವವರಿಗೆ ಐರನ್ ಆಕ್ಸೈಡ್ ಇರುವ, ತುಸು ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯೋಗ. ಕಲೆಯನ್ನು ಗಾಢ ಮಾಡುವುದರಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾಲೂ ಇದೆ, ಸಾದಾ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಈ ಎರಡು ವಾರದಲ್ಲಿ ದಿನವೂ ಹಚ್ಚುವುದು ರೂಢಿಯಾಗಲಿಲ್ಲ ಎಂದರೆ ಆಸಿಡ್ ಕ್ರೀಮಿನ ದುಡ್ಡು ಉಳಿಸಿಕೊಳ್ಳಿ. ರಾತ್ರಿ ಕಟ್ಟಿದ್ದನ್ನು ಹಗಲು ಕೆಡವುವ ಕೆಲಸಕ್ಕೆ ಟ್ಯೂಬ್ ಬೇಕಿಲ್ಲ.

ಇದೇ ಸಮಯದಲ್ಲಿ ಸ್ಕ್ರಬ್, ಟೋನರ್, ಮುಖದ ಬ್ರಷ್ ಎಲ್ಲವನ್ನೂ ಬದಿಗಿಡಿ. ಪರಿಮಳವಿಲ್ಲದ ಸೌಮ್ಯ ಕ್ಲೆನ್ಸರ್, ಸೆರಮೈಡ್ ಅಥವಾ ಗ್ಲಿಸರಿನ್ ಇರುವ ಸಾದಾ ಮಾಯಿಶ್ಚರೈಸರ್ ಸಾಕು. ಒಂದೇ ಕಿಟಕಿ, ಒಂದೇ ಹೊತ್ತಿನ ಬೆಳಕಿನಲ್ಲಿ ಮುಖದ ಮೂರು ಫೋಟೊ ತೆಗೆದಿಡಿ: ಎದುರಿನಿಂದ ಒಂದು, ಎಡಬಲದಿಂದ ಎರಡು. ನಿತ್ಯ ನೋಡುವ ಮುಖದಲ್ಲಿ ಬದಲಾವಣೆ ಕಾಣುವುದಿಲ್ಲ, ಆರು ತಿಂಗಳ ನಂತರ ಈ ಫೋಟೊಗಳೇ ಸಾಕ್ಷಿ ಹೇಳಬೇಕು.

ಎರಡನೇ ವಾರದ ಕೊನೆಗೆ ಕಿವಿಯ ಕೆಳಗೆ, ದವಡೆ ಅಂಚಿನಲ್ಲಿ ನಾಣ್ಯದಷ್ಟು ಜಾಗಕ್ಕೆ ಮೂರು ರಾತ್ರಿ ಹಚ್ಚಿ ನೋಡಿ. ಸ್ವಲ್ಪ ಒಣಗಿದರೆ ಪರವಾಗಿಲ್ಲ. ಊದಿಕೊಂಡರೆ, ನೀರುಗುಳ್ಳೆ ಎದ್ದರೆ ಆ ಟ್ಯೂಬ್ ನಿಮ್ಮದಲ್ಲ.

ರಾತ್ರಿಯ ಕ್ರಮ

1. ಉಗುರುಬೆಚ್ಚಗಿನ ನೀರಲ್ಲಿ ಮುಖ ತೊಳೆದು, ಉಜ್ಜದೆ ಒತ್ತಿ ಒರೆಸಿಕೊಳ್ಳಿ.

2. ಇಪ್ಪತ್ತರಿಂದ ಮೂವತ್ತು ನಿಮಿಷ ಬಿಡಿ. ಒದ್ದೆ ಚರ್ಮದಲ್ಲಿ ಔಷಧ ಬೇಗ, ಹೆಚ್ಚು ಇಳಿಯುತ್ತದೆ, ಉರಿಯೂ ಅಷ್ಟೇ ಹೆಚ್ಚು. ಮೊದಲ ವಾರಗಳಲ್ಲಿ ತಪ್ಪದೆ ಪಾಲಿಸಬೇಕಾದ ಹಂತ ಇದು.

3. ಮೂಗಿನ ಹೊಳ್ಳೆಯ ಮಡಿಕೆ, ಬಾಯಿಯ ಎರಡು ಮೂಲೆ, ಕಣ್ಣಿನ ಹೊರಮೂಲೆಗೆ ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಸವರಿ. ಕ್ರೀಮ್ ಹರಿದು ತಂಗುವ ಜಾಗಗಳು ಇವು, ಮೊದಲು ಬಿರಿಯುವುದೂ ಇಲ್ಲೇ.

4. ಬೆರಳ ತುದಿಗೆ ಬಟಾಣಿ ಕಾಳಿನಷ್ಟು ಟ್ರೆಟಿನಾಯಿನ್ ಕ್ರೀಮ್, ಸುಮಾರು ಕಾಲು ಗ್ರಾಂ. ಇಡೀ ಮುಖಕ್ಕೆ ಅಷ್ಟೇ. ಹಣೆಗೆ ಎರಡು ಚುಕ್ಕೆ, ಕೆನ್ನೆಗೊಂದೊಂದು, ಗಲ್ಲಕ್ಕೊಂದು ಇಟ್ಟು ಆಮೇಲೆ ಒಂದಕ್ಕೊಂದು ಸೇರುವಂತೆ ಹರಡಿ. ಒಂದೇ ಕಡೆ ಇಟ್ಟು ಎಳೆಯುತ್ತಾ ಹೋದರೆ ಆ ಕೆನ್ನೆ ಸುಡುತ್ತದೆ, ಈ ಕೆನ್ನೆಗೆ ಏನೂ ಸಿಗುವುದಿಲ್ಲ. ಬೆರಳಿಗೆ ಬಿಗಿ ಸಿಗುವಷ್ಟು ತೆಳುವಾದ ಪದರ ಸರಿ. ಬೆಳ್ಳಗೆ ಕಾಣುತ್ತಿದ್ದರೆ ಹೆಚ್ಚಾಯಿತು.

5. ರೆಪ್ಪೆ, ತುಟಿ ಬಿಡಿ. ಕಣ್ಣ ಕೆಳಗೆ ಮೂಳೆಯ ಅಂಚು ಬೆರಳಿಗೆ ಸಿಗುತ್ತದಲ್ಲ, ಅದರಿಂದ ಮೇಲೆ ಹೋಗಬೇಡಿ.

6. ಹತ್ತು ನಿಮಿಷ ಬಿಟ್ಟು ಮಾಯಿಶ್ಚರೈಸರ್. ಕೈ ತೊಳೆದುಕೊಳ್ಳಿ. ಮರೆತು ಕಣ್ಣುಜ್ಜಿಕೊಂಡವರಿಗೆ ಈ ಸಾಲು ಏಕಿದೆ ಎಂದು ಗೊತ್ತು.

ಹಗಲಿಗೆ ಟ್ರೆಟಿನಾಯಿನ್ ಬೇಡ, ಬೆಳಕಿಗೆ ಅದು ಒಡೆದು ಕೆಡುತ್ತದೆ. ಮೊಡವೆಗೆ ಬೆನ್ಜಾಯಿಲ್ ಪೆರಾಕ್ಸೈಡ್ ಬಳಸುವವರು ಅದನ್ನು ಬೆಳಿಗ್ಗೆಗೆ ಸರಿಸಿ, ಒಟ್ಟಿಗೆ ಹಚ್ಚಿದರೆ ಸಾಮಾನ್ಯ ಟ್ರೆಟಿನಾಯಿನ್ ಉತ್ಕರ್ಷಣಗೊಂಡು ಸತ್ವ ಕಳೆದುಕೊಳ್ಳುತ್ತದೆ.

ವಾರಕ್ಕೆ ಎಷ್ಟು ರಾತ್ರಿ?

ಈ ಚಿಕಿತ್ಸೆಯಲ್ಲಿ ಪ್ರಮಾಣ ಏರಿಸುವುದೆಂದರೆ ರಾತ್ರಿಗಳನ್ನು ಏರಿಸುವುದು. ಕ್ರೀಮ್ ದಪ್ಪ ಮಾಡುವುದೂ ಇಲ್ಲ, ಅಂಕಿ ಏರಿಸುವುದೂ ಇಲ್ಲ. ಸನ್‌ಸ್ಕ್ರೀನಿನ ಎರಡು ವಾರ ಮುಗಿದ ಮೇಲೆ ಈ ಲೆಕ್ಕ ಶುರು: ಮೊದಲ ಎರಡು ವಾರ ವಾರಕ್ಕೆರಡು ರಾತ್ರಿ, ಸೋಮವಾರ ಮತ್ತು ಗುರುವಾರ ಎಂದಿಟ್ಟುಕೊಳ್ಳಿ. ಮೂರು, ನಾಲ್ಕನೇ ವಾರ ಮೂರು ರಾತ್ರಿ. ಐದರಿಂದ ಎಂಟನೇ ವಾರದವರೆಗೆ ರಾತ್ರಿ ಬಿಟ್ಟು ರಾತ್ರಿ. ಆಮೇಲೆ ಚರ್ಮ ಒಪ್ಪಿದರೆ ಪ್ರತಿ ರಾತ್ರಿ. ಒಪ್ಪದಿದ್ದರೆ ಎಲ್ಲಿ ನೆಮ್ಮದಿಯೋ ಅಲ್ಲೇ ನಿಲ್ಲಿ. ವಾರಕ್ಕೆ ಮೂರು ರಾತ್ರಿಯಂತೆ ವರ್ಷವಿಡೀ ಹಚ್ಚಿದವರ ಮುಖ, ಹದಿನೈದು ದಿನ ನಿತ್ಯ ಹಚ್ಚಿ ಸುಟ್ಟುಕೊಂಡು ಟ್ಯೂಬ್ ಎಸೆದವರ ಮುಖಕ್ಕಿಂತ ಯಾವಾಗಲೂ ಮುಂದೆ.

ಮುಂದಿನ ಮೆಟ್ಟಿಲು ಹತ್ತುವ ಮೊದಲು ಒಂದು ಪರೀಕ್ಷೆ: ಬೆಳಿಗ್ಗೆ ಸಾದಾ ಮಾಯಿಶ್ಚರೈಸರ್ ಹಚ್ಚಿದಾಗ ಚುರುಕ್ ಎನ್ನುತ್ತದೆಯೇ? ಎಂದೂ ಉರಿಯದ ಕ್ರೀಮ್ ಉರಿದರೆ ಮೇಲ್ಪದರದ ತಡೆಗೋಡೆ ಬಿರುಕು ಬಿಟ್ಟಿದೆ ಎಂದರ್ಥ. ಅದು ನಿಲ್ಲುವವರೆಗೆ ಇದ್ದಲ್ಲೇ ಇರಿ.

ತೀರಾ ಸೂಕ್ಷ್ಮ ಚರ್ಮಕ್ಕೆ ಎರಡು ದಾರಿಗಳಿವೆ. ಒಂದು, ಮಾಯಿಶ್ಚರೈಸರ್ ಪದರ, ಅದರ ಮೇಲೆ ಟ್ರೆಟಿನಾಯಿನ್, ಮತ್ತೆ ಮಾಯಿಶ್ಚರೈಸರ್. ಇನ್ನೊಂದು, ಹಚ್ಚಿ ಅರ್ಧ ಗಂಟೆಗೆ ತೊಳೆದುಬಿಡುವುದು, ಆಮೇಲೆ ವಾರವಾರ ಆ ಹೊತ್ತನ್ನು ಹಿಗ್ಗಿಸುವುದು.

ಗ್ಲೈಕಾಲಿಕ್ ಅಥವಾ ಲ್ಯಾಕ್ಟಿಕ್ ಜೊತೆಗೆ ಬೇಕೆನಿಸಿದರೆ ಮೂರು ತಿಂಗಳು ಕಳೆಯಲಿ. ಟ್ರೆಟಿನಾಯಿನ್ ಇಲ್ಲದ ರಾತ್ರಿ, ವಾರಕ್ಕೊಮ್ಮೆ ಮಾತ್ರ. ಎರಡನ್ನೂ ಒಂದೇ ವಾರ ಶುರುಮಾಡಿದರೆ ಉರಿದದ್ದು ಯಾವುದರಿಂದ ಎಂಬುದೇ ತಿಳಿಯುವುದಿಲ್ಲ.

ಎಡವಟ್ಟಾದಾಗ

ಎರಡರಿಂದ ಆರನೇ ವಾರದವರೆಗೆ ಮುಖದಲ್ಲಿ ಹೊಟ್ಟು ಏಳುತ್ತದೆ, ಅದರಲ್ಲೂ ಬಾಯಿಯ ಸುತ್ತ. ಇದು ನಿರೀಕ್ಷಿತ. ಸಿಪ್ಪೆಯನ್ನು ಉಗುರಲ್ಲಿ ಕೀಳಬೇಡಿ, ಸ್ಕ್ರಬ್ ಹಾಕಬೇಡಿ. ಒದ್ದೆ ಮುಖಕ್ಕೆ ಮಾಯಿಶ್ಚರೈಸರ್ ಹಚ್ಚಿ ಎರಡು ನಿಮಿಷ ಬಿಟ್ಟು, ಮೆತ್ತನೆ ಒದ್ದೆ ಬಟ್ಟೆಯನ್ನು ಒತ್ತಿ ತೆಗೆದರೆ ಬರಬೇಕಾದಷ್ಟು ಬರುತ್ತದೆ. ಒಳಗಿದ್ದ ಮೊಡವೆಗಳು ಒಮ್ಮೆಲೇ ಮೇಲೇಳುವುದೂ ಈ ವಾರಗಳಲ್ಲೇ.

ಕೆಂಪು, ಬಿಗಿತ, ಮುಟ್ಟಿದರೆ ನೋವು ಬಂದರೆ ಆಸಿಡ್ ನಿಲ್ಲಿಸಿ. ಐದರಿಂದ ಏಳು ದಿನ ಬರೀ ಕ್ಲೆನ್ಸರ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಮತ್ತೆ ಶುರುಮಾಡುವಾಗ ನಿಲ್ಲಿಸಿದ ಮೆಟ್ಟಿಲಿಗಿಂತ ಒಂದು ಕೆಳಗಿಳಿಯಿರಿ. ರಸ ಒಸರಿದರೆ, ಕಣ್ಣು ಊದಿದರೆ ಅಂದೇ ವೈದ್ಯರ ಹತ್ತಿರ ಹೋಗಿ.

ಕಂದು ಮೈಬಣ್ಣಕ್ಕೆ ದೊಡ್ಡ ಗಂಡಾಂತರ ಬೇರೆಯೇ. ಉರಿ ಬಂದ ಜಾಗ ಆಮೇಲೆ ಕಪ್ಪಾಗಬಹುದು. ಕಲೆ ತೆಗೆಯಲು ಹಚ್ಚಿದ್ದು ಹೊಸ ಕಲೆ ತಂದು, ‘ಪವರ್ ಸಾಲದು’ ಎಂದು ಇನ್ನಷ್ಟು ಹಚ್ಚಿ, ಅದು ಇನ್ನಷ್ಟು ಕಪ್ಪಾಗುವ ಸುಳಿಗೆ ಬೀಳುವವರು ಬಹಳ. ಉರಿ ಬಂದರೆ ಮದ್ದು ನಾಟುತ್ತಿದೆ ಎಂಬ ನಂಬಿಕೆ ಎಲ್ಲಿಂದ ಬಂತೋ! ಉರಿಗೂ ಸುಧಾರಣೆಗೂ ಸಂಬಂಧವಿಲ್ಲ, ಮೇಲೆ ಹೇಳಿದ 0.025ರ ಅಧ್ಯಯನವೇ ಅದನ್ನು ತೋರಿಸಿದೆ.

ಹುಬ್ಬು, ಮೇಲ್ತುಟಿಗೆ ವ್ಯಾಕ್ಸಿಂಗ್ ಮಾಡಿಸುವವರು ವಾರ ಮೊದಲೇ ಟ್ರೆಟಿನಾಯಿನ್ ನಿಲ್ಲಿಸಿ. ಇಲ್ಲವಾದರೆ ಕೂದಲಿನ ಜೊತೆ ಚರ್ಮದ ಪದರವೇ ಕಿತ್ತು ಬರಬಹುದು. ದಾರದಲ್ಲಿ ತೆಗೆಸುವುದು ಇದಕ್ಕಿಂತ ಮೇಲು. ಲೇಸರ್, ಪೀಲ್‌ಗೆ ಹೋಗುವಾಗ ಏನೇನು ಹಚ್ಚುತ್ತಿದ್ದೀರಿ ಎಂದು ಮೊದಲೇ ಹೇಳಿ.

ಏನೂ ಆಗುತ್ತಿಲ್ಲ ಎನಿಸಿದರೆ ಟ್ಯೂಬಿನ ತಾರೀಖು ನೋಡಿ, ಎಲ್ಲಿಟ್ಟಿದ್ದೀರಿ ನೋಡಿ. ಕಿಟಕಿ ಪಕ್ಕ, ಮುಚ್ಚಳ ಸಡಿಲವಾಗಿ ಬಿದ್ದಿದ್ದರೆ ಒಳಗೆ ಉಳಿದಿರುವುದು ಬರೀ ಕ್ರೀಮ್ ಇರಬಹುದು.

ಕತ್ತು ಮತ್ತು ಕೈ

ಕತ್ತಿನಲ್ಲಿ ಎಣ್ಣೆಗ್ರಂಥಿ ಕಡಿಮೆ, ಚರ್ಮ ತೆಳು. ಮುಖ ಮೂರು ತಿಂಗಳು ತಾಳಿದ ಮೇಲೆ, ವಾರಕ್ಕೊಂದೆರಡು ರಾತ್ರಿ, ಕ್ರೀಮನ್ನು ಮಾಯಿಶ್ಚರೈಸರಿನಲ್ಲಿ ಕಲಸಿ ಹಚ್ಚಿ. ಮುಂಗೈ ಮೇಲ್ಭಾಗ ಇದಕ್ಕೆ ತದ್ವಿರುದ್ಧ. ಶೇ. 10–12ರ ಲ್ಯಾಕ್ಟಿಕ್ ಲೋಷನ್ನನ್ನೂ ಸಾಮಾನ್ಯವಾಗಿ ತಡೆಯುತ್ತದೆ. ಅಲ್ಲಿನ ತೊಂದರೆ ಸನ್‌ಸ್ಕ್ರೀನಿನದು, ಕೈ ತೊಳೆದಾಗಲೆಲ್ಲ ಹೋಗಿಬಿಡುತ್ತದೆ. ವಾಹನ ಓಡಿಸುವವರಿಗೆ ತೆಳು ಹತ್ತಿಯ ಕೈಗವಸು ಸುಲಭ.

ಎಷ್ಟು ದಿನ?

ನಾಲ್ಕನೇ ವಾರದಿಂದ ಎಂಟನೇ ವಾರದೊಳಗೆ ಬೆರಳಿಗೆ ನುಣುಪು ಸಿಗುತ್ತದೆ. ಕಂದು ಕಲೆ ತಿಳಿಯಾಗಲು ಮೂರರಿಂದ ಆರು ತಿಂಗಳು. ಸಣ್ಣ ಗೆರೆ ಕಡಿಮೆಯಾದದ್ದು ಫೋಟೊದಲ್ಲಿ ಕಾಣಲು ಆರು ತಿಂಗಳು, ಹಲವರಿಗೆ ವರ್ಷ. ಮೂರು ತಿಂಗಳಲ್ಲಿ ಮನಸ್ಸು ಸೋತು ಬಿಡುವವರು ಬಿಡುವುದು ಒಳಗೆ ಕೊಲಾಜೆನ್ ಕಟ್ಟುತ್ತಿರುವ ಹೊತ್ತಿಗೆ. ವರ್ಷ ಕಳೆದ ಮೇಲೆ ವಾರಕ್ಕೆರಡು ಮೂರು ರಾತ್ರಿ ಹಚ್ಚಿದರೆ ಬಂದದ್ದು ಉಳಿಯುತ್ತದೆ. ಪೂರ್ತಿ ಬಿಟ್ಟರೆ ನಿಧಾನಕ್ಕೆ ಹಿಂದಕ್ಕೆ ಸರಿಯುತ್ತದೆ.

ಎರಡು ವಾರಕ್ಕಿಂತ ಹೆಚ್ಚು ಬಿಟ್ಟಿದ್ದರೆ ಮತ್ತೆ ಸೋಮವಾರ, ಗುರುವಾರದಿಂದಲೇ ಶುರು. ಕಡಲತೀರಕ್ಕೋ ಹಿಮದ ಬೆಟ್ಟಕ್ಕೋ ಹೊರಟಿದ್ದರೆ ವಾರ ಮುಂಚೆಯೇ ಆಸಿಡ್‌ಗಳನ್ನೆಲ್ಲ ನಿಲ್ಲಿಸಿ. ನಾಲ್ಕು ವಾರ ಗ್ಲೈಕಾಲಿಕ್ ಹಚ್ಚಿದ ಚರ್ಮ ಅತಿನೇರಳೆ ಕಿರಣಕ್ಕೆ ಶೇ. 18ರಷ್ಟು ಹೆಚ್ಚು ಸುಲಭವಾಗಿ ಕೆಂಪೇರಿದ್ದು, ಬಿಟ್ಟ ಒಂದು ವಾರದಲ್ಲಿ ಮೊದಲಿನಂತಾದದ್ದು ಪರೀಕ್ಷೆಯಲ್ಲಿ ಕಂಡಿದೆ. ಪ್ರವಾಸದಿಂದ ಬಂದಾಗ ಮೂಗು, ಕೆನ್ನೆ ಕೆಂಪಗಿದ್ದರೆ ಅದು ಪೂರ್ತಿ ಇಳಿಯುವವರೆಗೆ ಟ್ಯೂಬ್ ತೆರೆಯಬೇಡಿ.